ಅತ್ತೆ ವಾಪಸ್ ಕಳಿಸಿದ ಸರ್ಕಾರದ ಉತ್ತರ

ಸರ್ಕಾರವನ್ನು ಯಾರು ಬೇಕಾದರೂ ಪ್ರಶ್ನೆ ಕೇಳಬಹುದು, ಕೇಳಿದ್ದಕ್ಕೆ ಅದು ಒಂದು ತಿಂಗಳೊಳಗೆ ಉತ್ತರ ಕೊಡಲೇಬೇಕು ಎಂದು ದಿಲ್ಲಿಯಲ್ಲಿ ಕಾನೂನು ಬಂದ ಹೊಸತು. ಆ ಸುದ್ದಿಯನ್ನು ಹಳ್ಳಿಗಳಿಗೆ ಮುಟ್ಟಿಸಲಿ ಎಂದು ಸುತ್ತಲಿನ ಶಾಲೆಗಳ ಶಿಕ್ಷಕರನ್ನೆಲ್ಲ ಒಂದು ದಿನ ಯಾದಗಿರಿಗೆ ಕರೆಸಿದ್ದರು. ಯಾದಗಿರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಬಿಸಿಲು ಮಾತ್ರ ಆಗಲೇ ಜಿಲ್ಲಾ ಮಟ್ಟದ್ದಿತ್ತು. ತರಬೇತಿ ಕೊಡಲು ಬಂದವರು ಒಳ್ಳೆಯ ಮಾತುಗಾರರು. ಕಚೇರಿಗಳು ತಮ್ಮಲ್ಲಿರುವ ಮಾಹಿತಿಯನ್ನು ಯಾರೂ ಕೇಳುವ ಮೊದಲೇ ಹೊರಗೆ ಹಾಕಬೇಕು, ಅದೂ ಜನರ ಭಾಷೆಯಲ್ಲಿ, ಜನರಿಗೆ ಮುಟ್ಟುವ ಹಾಗೆ, ಎಂದು ಎರಡು ತಾಸು ಹೇಳಿದರು. ಕೊನೆಗೆ ಪ್ರಶ್ನೆ ಕೇಳಿ ಎಂದರು. ನೂರು ಜನ ಶಿಕ್ಷಕರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಎದ್ದು ನಿಂತೆ.

"ಸರ್, ಮಧ್ಯಾಹ್ನ ಊಟ ಅದ ಏನ್ರಿ, ಇಲ್ಲೇನ್ರಿ?"

ಅವರು ಪಕ್ಕದವರ ಮುಖ ನೋಡಿದರು. ಪಕ್ಕದವರು ಬಾಗಿಲಲ್ಲಿದ್ದ ಜವಾನನ ಮುಖ ನೋಡಿದರು. ಜವಾನ ಕೇಳಿಕೊಂಡು ಬರುತ್ತೇನೆಂದು ಹೊರಗೆ ಹೋದವನು ಸಂಜೆಯವರೆಗೆ ತಿರುಗಿ ಬರಲಿಲ್ಲ. ಆ ಹೊಸ ಕಾನೂನಿನ ಕೆಳಗೆ ನಾನು ಕೇಳಿದ ಮೊದಲ ಪ್ರಶ್ನೆಯ ಗತಿ ಹೀಗಾಯಿತು. ಬಸ್ ಸ್ಟ್ಯಾಂಡಿನಲ್ಲಿ ಸುಸಲಾ, ಮಿರ್ಚಿ ತಿಂದು ನಾವೆಲ್ಲ ಊರಿನ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಕೂತು ನಾನು ಎರಡನೇ ಪ್ರಶ್ನೆಯನ್ನು ಯೋಚಿಸತೊಡಗಿದ್ದೆ.

ಎರಡನೇ ಪ್ರಶ್ನೆ ನೀರಿನದು. ರಂಗಂಪೇಟೆಯಲ್ಲಿ ಹುಟ್ಟಿದ ನನ್ನನ್ನು ವಡಗೇರಾದ ಆಚೆಯ ಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು. ಆಮೇಲೆ ಅದೇ ಊರಿನ ಪ್ರಾಥಮಿಕ ಶಾಲೆಗೆ ನೌಕರಿಯೂ ಸಿಕ್ಕಿತು. ಮನೆಯಲ್ಲಿ ನಾನು, ವಡಗೇರಾದ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ ನನ್ನ ಗಂಡ, ನಮ್ಮಿಬ್ಬರ ಮೇಲೆ ನಮ್ಮ ಅತ್ತೆ. ಅತ್ತೆಯ ಹೆಸರಿನಲ್ಲಿ ಊರ ಹೊರಗೆ ಒಂದು ಹೊಲವಿತ್ತು. ಕೃಷ್ಣಾ ನದಿಗೆ ಆಣೆಕಟ್ಟು ಕಟ್ಟಿ, ಕಾಲುವೆ ತೋಡಿ, ನಮ್ಮ ಕಡೆಗೂ ನೀರು ಬಿಟ್ಟು ಆಗಲೇ ವರ್ಷಗಳಾಗಿದ್ದವು. ನಮ್ಮ ಹೊಲ ಮಾತ್ರ ಮರಿಕಾಲುವೆಯ ತೀರಾ ಕೊನೆಗೆ ಇತ್ತು. ಮೇಲಿನ ಊರಿನವರು ಭತ್ತದ ಗದ್ದೆ ತುಂಬಿಸಿಕೊಂಡು, ಎತ್ತಿನ ಮೈ ತೊಳೆದು, ಬಟ್ಟೆ ಒಗೆದು, ಇನ್ನೂ ಏನಾದರೂ ಉಳಿದರೆ ನಮ್ಮ ಕಡೆಗೆ ಬಿಡುತ್ತಿದ್ದರು. ಏನೂ ಉಳಿಯುತ್ತಿರಲಿಲ್ಲ.

"ನಮ್ಮ ಪಾಳಿ ಯಾವಾಗ್ರಿ?" ಎಂದು ನಮ್ಮವರು ಹೋಗಿ ಕೇಳಿದರೆ "ನಮ್ಮದು ಮುಗಿದ ಮ್ಯಾಲ" ಎಂಬ ಉತ್ತರ. ಅವರದು ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ "ನೀರು ನಿಂತ ಮ್ಯಾಲ". ಕಾಲುವೆಗೆ ನೀರು ಬಿಡುವವರು ಯಾವ ಯಾವ ದಿನ ಯಾರಿಗೆ ಎಂದು ಎಲ್ಲೋ ಗೊತ್ತು ಮಾಡಿರಬೇಕಲ್ಲ ಎಂದು ನಮ್ಮೂರಿನಲ್ಲಿ ಎಲ್ಲರಿಗೂ ಗುಮಾನಿ ಇತ್ತು. ಕೇಳುವುದು ಯಾರನ್ನು ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ನನ್ನ ಗಂಡನ ತಾಳ್ಮೆ ಮುಗಿದಿತ್ತು. ದೀಪಾವಳಿ ಮುಗಿದ ಮರುವಾರವೇ ಅವರು ಅವ್ವನ ಮುಂದೆ ಕೂತು ಮಾತು ತೆಗೆದರು.

"ಯವ್ವಾ, ಈ ಸಲ ಶೇಂಗಾ ಹಾಕೀದಿ, ಹಾಕು. ಎಳ್ಳಮಾಸಿ ತನಕ, ಇನ್ನೆರಡ್ ತಿಂಗಳು, ನೋಡ್ತೀನಿ. ನೀರು ಬರಲಿಲ್ಲಂದ್ರ ಹೊಲ ಮ್ಯಾಲಿನ ಊರಾಂವಗ ಕೊಟ್ಟುಬಿಡ್ತೀನಿ. ಆಂವ ಕೇಳಾಕತ್ತಾನ."

ಅತ್ತೆ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಅದು ಸೀದು ಕಪ್ಪಾಗುವವರೆಗೂ ಹಾಗೇ ಕೂತಿದ್ದರು. ಅವರು ರೊಟ್ಟಿ ಸುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನನಗೆ ಅಯ್ಯೋ ಅನಿಸಿತು, ನಿಜ. ಆದರೆ ಪೂರ್ತಿ ನಿಜ ಹೇಳಬೇಕೆಂದರೆ ನನಗೆ ಇನ್ನೊಂದು ಚಿಂತೆಯೂ ಹತ್ತಿತ್ತು. ನಮ್ಮ ಅತ್ತೆ ಬೆಳಗಾಗುತ್ತಲೇ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೊರಟರೆ ಹೊತ್ತು ಏರಿದ ಮೇಲೆ ಮನೆ ಸೇರುತ್ತಿದ್ದರು, ಉಂಡು ಒಂದು ನಿದ್ದೆ ತೆಗೆದು ಮತ್ತೆ ಹೊಲಕ್ಕೆ ಹೋಗುತ್ತಿದ್ದರು. ಆ ಹೊಲದಲ್ಲಿ ಎಷ್ಟು ಕಳೆ ಇತ್ತೋ ಅಷ್ಟು ನನ್ನ ಅಡುಗೆಮನೆ ನೆಮ್ಮದಿಯಾಗಿತ್ತು. ಹೊಲ ಹೋಯಿತೆಂದರೆ ಅತ್ತೆ ಇಡೀ ದಿನ ಮನೆಯಲ್ಲಿರುತ್ತಾರೆ. ನನ್ನ ಹೆಸರುಬೇಳೆ ಡಬ್ಬಿ ಎಲ್ಲಿರಬೇಕು, ಪಲ್ಯಕ್ಕೆ ಎಣ್ಣೆ ಎಷ್ಟು ಬೀಳಬೇಕು ಎಂಬುದೆಲ್ಲ ಆಮೇಲೆ ಅವರ ಅಧಿಕಾರಕ್ಕೆ ಸೇರುತ್ತಿತ್ತು. ಹೀಗಾಗಿ ಆ ಶೇಂಗಾಕ್ಕೆ ನೀರು ಬರಲೇಬೇಕು ಎಂದು ಅತ್ತೆಗಿಂತ ಹೆಚ್ಚು ಹಟ ನನಗೇ ಹುಟ್ಟಿತು.

ಅರ್ಜಿ ಬರೆದೆ. ಶಹಾಪುರದ ನೀರಾವರಿ ಕಚೇರಿಗೆ, ಇಂಥ ಮರಿಕಾಲುವೆಯ ಕೊನೆಯ ಭಾಗಕ್ಕೆ ವಾರದಲ್ಲಿ ಯಾವ ಯಾವ ದಿನ ನೀರು ಬಿಡಬೇಕೆಂದು ಗೊತ್ತುಮಾಡಿದ್ದೀರಿ ಎಂಬ ಒಂದೇ ಪ್ರಶ್ನೆ. ಉತ್ತರವನ್ನು ರಜಿಸ್ಟರ್ ಟಪಾಲಿನಲ್ಲಿ ಮನೆಯ ವಿಳಾಸಕ್ಕೇ ಕಳಿಸಬೇಕು ಎಂದು ಕೆಳಗೆ ಗೆರೆ ಎಳೆದು ಬರೆದೆ. ಸರ್ಕಾರ ನಮ್ಮ ಬಾಗಿಲಿಗೆ ಬಂದು ಉತ್ತರ ಕೊಡಲಿ ಎಂಬ ಸೊಕ್ಕು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಿದರೆ "ಸರ್ಕಾರಿ ನೌಕರಿ ಅದ, ಖಾಲಿಪೀಲಿ ಯಾಕ" ಎನ್ನುತ್ತಿದ್ದರು. ಅತ್ತೆಗೆ ಹೇಳಿದರೆ ಸಂಜೆಯೊಳಗೆ ಕೊಂಕಲ್‌ವರೆಗೂ ಸುದ್ದಿ ಮುಟ್ಟುತ್ತಿತ್ತು.

ತಿಂಗಳು ಕಳೆಯಿತು. ಉತ್ತರವಿಲ್ಲ. ಇನ್ನೂ ಕೆಲವು ದಿನ ಬಿಟ್ಟೆ. ಶೇಂಗಾ ಹೂವಿಗೆ ಬರುತ್ತಿತ್ತು, ನೆಲ ಬಿರುಕು ಬಿಡುತ್ತಿತ್ತು, ಅತ್ತೆ ಹೊಲದಿಂದ ಬಂದವರೇ ಯಾರ ಜೊತೆಗೂ ಮಾತಾಡದೆ ಮಲಗುತ್ತಿದ್ದರು. ಒಂದು ದಿನ ರಜೆ ಹಾಕಿ, ತರಬೇತಿಯಲ್ಲಿ ಕೊಟ್ಟಿದ್ದ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು, ಶಹಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಳ್ಳುತ್ತಾ ಹೋದೆ. ಒಳ್ಳೊಳ್ಳೆಯವು ಹೊಳೆದಿದ್ದವು.

ಕಚೇರಿಯಲ್ಲಿ ಒಬ್ಬ ಗುಮಾಸ್ತ ಕೂತಿದ್ದ. ನಾನು ಹೊಸ್ತಿಲಲ್ಲೇ ಶುರು ಮಾಡಿದೆ. ಕಾನೂನು ಅಂದೆ, ದಂಡ ಅಂದೆ, ಮೇಲ್ಮನವಿ ಅಂದೆ. ನಿಮ್ಮ ಕಚೇರಿಯ ಮಾಹಿತಿಯನ್ನು ಗೋಡೆಯ ಮೇಲೆ ಯಾಕೆ ಹಾಕಿಲ್ಲ ಎಂದೂ ಕೇಳಿದೆ.

"ಹಾಕೀವಲ್ರಿ ಅಕ್ಕೋರ," ಎಂದು ಅವನು ನನ್ನ ಬೆನ್ನ ಹಿಂದೆ ಬೆರಳು ತೋರಿಸಿದ.

ತಿರುಗಿ ನೋಡಿದರೆ ಬಾಗಿಲು. ಗೋಡೆಗೆ ಒತ್ತಿಕೊಂಡು ತೆರೆದಿದ್ದ ಆ ಬಾಗಿಲನ್ನು ಸರಿಸಿದಾಗ ಅದರ ಹಿಂದೆ ನಿಜವಾಗಿಯೂ ಒಂದು ಫಲಕ ಇತ್ತು. ನಾಗರಿಕರಿಗೆ ಏನೇನು ಕೇಳುವ ಹಕ್ಕಿದೆ ಎಂದು ಚಂದದ ಅಕ್ಷರದಲ್ಲಿ ಬರೆಸಿದ್ದರು. ಕಚೇರಿ ತೆರೆದಿರುವಷ್ಟು ಹೊತ್ತು ಬಾಗಿಲು ಅದನ್ನು ಮುಚ್ಚಿರುತ್ತಿತ್ತು. ಬಾಗಿಲು ಹಾಕಿದ ಮೇಲೆ ಓದಬಹುದಿತ್ತು, ಒಳಗೆ ಉಳಿದವರು.

"ಅದಿರಲಿ, ನನ್ನ ಉತ್ತರ ಎಲ್ಲಿ?" ಎಂದು ಮೇಜು ಬಡಿದೆ.

ಅವನು ನಿಧಾನಕ್ಕೆ ಕಪಾಟು ತೆಗೆದು ಒಂದು ಕಂದು ಲಕೋಟೆಯನ್ನು ನನ್ನ ಮುಂದಿಟ್ಟ. ಮೇಲೆ ನನ್ನ ಹೆಸರು, ನನ್ನ ವಿಳಾಸ. ಅಂಚೆಯ ಮುದ್ರೆ ನೋಡಿದರೆ ಅರ್ಜಿ ಮುಟ್ಟಿ ಹದಿನೈದು ದಿನವೂ ಆಗಿರಲಿಲ್ಲ, ಆಗಲೇ ಕಳಿಸಿದ್ದರು. ವಿಳಾಸದ ಮೇಲೆ ಕೆಂಪು ಮಸಿಯ ಷರಾ ಇತ್ತು: ವಿಳಾಸದಾರರು ಊರಿನಲ್ಲಿಲ್ಲ, ವಾಪಸ್. ಅದರ ಪಕ್ಕಕ್ಕೆ ಎರಡನೇ ಲಕೋಟೆ ಇಟ್ಟ. ಅದರ ಮೇಲೆ ಬೇರೆ ಷರಾ: ವಿಳಾಸದಾರರು ತವರಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆಂದು ತಿಳಿಯದು.

"ನಾವು ಎರಡ್ ಸಲ ಉತ್ತರ ಕೊಟ್ಟೀವ್ರಿ. ನೀವೇ ತಗೊಂಡಿಲ್ಲ," ಅಂದ ಗುಮಾಸ್ತ. ಅವನಿಗೆ ಆ ವರ್ಷವೆಲ್ಲ ಅಷ್ಟು ಸಂತೋಷ ಆಗಿರಲಿಕ್ಕಿಲ್ಲ. "ಬಂದ ಅರ್ಜಿ ಒಂದು, ಉತ್ತರ ಎರಡು ಅಂತ ಬೆಂಗಳೂರಿಗಿ ವರದಿ ಸೈತ ಹೋಗ್ಯಾದ. ಅಲ್ಲಿಂದ ದಿಲ್ಲಿಗಿ ಹೋಗ್ತಾದ."

ನಾನು ಜೋಡಿಸಿಕೊಂಡು ಬಂದಿದ್ದ ಬೈಗುಳಗಳೆಲ್ಲ ಬಾಯಲ್ಲೇ ಉಳಿದವು. ಈಗ ಬಂದಿದ್ದೇನಲ್ಲ, ಕೊಟ್ಟುಬಿಡಿ ಎಂದೆ. ಅವನು ನನ್ನದೇ ಅರ್ಜಿ ತೆಗೆದು, ನಾನೇ ಗೆರೆ ಎಳೆದಿದ್ದ ಸಾಲಿನ ಮೇಲೆ ಬೆರಳಿಟ್ಟ. ರಜಿಸ್ಟರ್ ಟಪಾಲಿನಲ್ಲಿ, ಮನೆಯ ವಿಳಾಸಕ್ಕೇ. ಆ ಮಾತು ಮೀರಿದರೆ ನಾಳೆ ನಾನೇ ಅವನ ಮೇಲೆ ಮೇಲ್ಮನವಿ ಹಾಕಬಹುದಂತೆ. ಬೇಕಾದರೆ ಮೂರನೇ ಸಲ ಕಳಿಸುತ್ತೇನೆ ಎಂದ.

"ಈ ಸಲ ಮನ್ಯಾಗ ಹೇಳಿ ಇಡ್ರಿ ಅಕ್ಕೋರ."

ನಮ್ಮ ಊರಿಗೆ ಟಪಾಲು ತರುವವರು ಸೈಕಲ್ಲಿನ ಮೇಲೆ ಬರುತ್ತಿದ್ದ ಒಬ್ಬ ವಯಸ್ಸಾದ ಮುಸಲ್ಮಾನರು. ಊರೆಲ್ಲ ಚಾಚಾ ಎಂದೇ ಕರೆಯುತ್ತಿದ್ದೆವು. ಬಸ್ಸಿಳಿದ ತಕ್ಷಣ ನಾನು ಅವರನ್ನು ಹಿಡಿದೆ. ದಿನಾ ನನ್ನ ಶಾಲೆಯ ಮುಂದೆಯೇ ಹಾದುಹೋಗುವ ಮನುಷ್ಯ ನನ್ನನ್ನು ಊರಿನಲ್ಲಿಲ್ಲ ಎಂದು ಹೇಗೆ ಬರೆದರು ಎಂದು ಕೇಳಿದೆ.

"ನಾ ಏನ್ ಮಾಡ್ಲಿ ಬೇಟಿ," ಎಂದು ಚಾಚಾ ಸೈಕಲ್ ಹಿಡಿದುಕೊಂಡೇ ಹೇಳಿದರು. "ನಿಮ್ಮ ಅತ್ತಿ ನೀ ಇಲ್ಲಂದಳು. ಬಾಜೂ ಮನ್ಯಾಕಿ ಇಲ್ಲಂದಳು. ಎದುರಿನ ಮನ್ಯಾಕಿ ತವರಿಗಿ ಹೋಗ್ಯಾಳಂದಳು. ಮೂರು ಮಂದಿ ಹೇಳಿದ ಮ್ಯಾಲ ನಾ ಒಬ್ಬಾಂವ ಹ್ಯಾಂಗ ಬ್ಯಾರೆ ಬರೀಲಿ?"

"ಅದಕ್ಕ ನಮ್ಮ ಅತ್ತಿ ಕೊಟ್ಟ ಚಹಾ ಕುಡದ್ರೇನು?"

"ಹೌದು, ಎರಡೂ ಸಲ ಕುಡದೀನಿ. ಚಹಾಕ್ಕೇನು ಆಗ್ಯಾದ?"

ಮನೆಗೆ ಬಂದು ಅತ್ತೆಯ ಮುಂದೆ ನಿಂತೆ. ಅವರು ಹಿತ್ತಲ ಕಟ್ಟೆಯ ಮೇಲೆ ಕೂತು ಹುಳಿಹಣ್ಣು ಬಿಡಿಸುತ್ತಿದ್ದರು. ನಾನು ಬಾಯಿಗೆ ಬಂದಂತೆ ಅಂದೆ. ಅರ್ಜಿ ಹಾಕಿದ್ದು, ಉತ್ತರ ಬಂದಿದ್ದು, ಅದು ವಾಪಸ್ ಹೋಗಿದ್ದು, ಗುಮಾಸ್ತನ ಮುಂದೆ ನನ್ನ ಮಾನ ಹೋಗಿದ್ದು ಎಲ್ಲವನ್ನೂ ಒದರಿದೆ. ಅವರು ಹುಣಸೆಬೀಜ ತೆಗೆಯುವುದನ್ನು ನಿಲ್ಲಿಸಲಿಲ್ಲ.

"ನೀ ಹಾಕಿದ್ದಿ ಅಂತ ನನಗೇನ್ ಗೊತ್ತವ್ವಾ? ಸೊಸಿ ಏನರ ಕೋರ್ಟಿನಾಗ ಸಿಕ್ಕಾಳ ಅಂದ್ಕೊಂಡೆ. ರಜಿಸ್ಟರ್ ಬಂದ್ರ ಒಳ್ಳೇದಕ್ಕ ಬರ್ತಾದೇನು?"

ಆಮೇಲೆ ಅವರೇ ಹೇಳಿದರು. ಕಾಲುವೆಯ ಅಳತೆ ನಡೆದ ಕಾಲಕ್ಕೆ ಅವರ ಹೆಸರಿಗೂ ಹೀಗೇ ಒಂದು ಕಂದು ಲಕೋಟೆ ಬಂದಿತ್ತಂತೆ. ಮಾವನವರು ಆಗಲೇ ತೀರಿಕೊಂಡಿದ್ದರು. ಅತ್ತೆಗೆ ಅದುವರೆಗೆ ಯಾರೂ ಒಂದು ಕಾಗದ ಬರೆದಿರಲಿಲ್ಲ, ಹಾಗಾಗಿ ಖುಷಿಯಿಂದಲೇ ಹೆಬ್ಬೆಟ್ಟು ಒತ್ತಿ ತೆಗೆದುಕೊಂಡರು. ಓದಿಸಿದರೆ ಹೊಲದ ಪೂರ್ವದ ಪಟ್ಟಿಯನ್ನು ಸರ್ಕಾರ ತೆಗೆದುಕೊಳ್ಳುತ್ತದೆ ಎಂದಿತ್ತು. ಹೊಲದಲ್ಲಿ ಎಲ್ಲಕ್ಕಿಂತ ಒಳ್ಳೆಯ ಮಣ್ಣು ಅದೇ. ಪರಿಹಾರದ ಹಣ ಮಗಳ ಮದುವೆಗೆ ಹೋಯಿತು. ಕಾಲುವೆ ಮಾತ್ರ ಆ ಪಟ್ಟಿಗೆ ಬರಲೇ ಇಲ್ಲ. ತೋಡುತ್ತಾ ಬಂದವರು ಯಾಕೋ ಅಲ್ಲಿಂದ ಆಚೆಗೇ ತಿರುಗಿಸಿಕೊಂಡು ಹೋದರು. ಅತ್ತೆಯ ಒಳ್ಳೆಯ ಮಣ್ಣಿನಲ್ಲಿ ಅಂದಿನಿಂದ ಜಾಲಿ ಬೆಳೆದು ನಿಂತಿತ್ತು.

"ಆವತ್ತು ನಾ ಬೆಟ್ಟು ಒತ್ತಿರದಿದ್ರ ಹೊಲ ಹೋಗ್ತಿರಲಿಲ್ಲ," ಅಂದರು ಅತ್ತೆ. "ಅದಕ್ಕ ನಮ್ಮ ಓಣ್ಯಾಗ ಯಾರೂ ರಜಿಸ್ಟರ್ ತಗೊಳ್ಳಂಗಿಲ್ಲ. ನಾನೇ ಹೇಳೀನಿ."

ಒತ್ತದಿದ್ದರೂ ಹೋಗುತ್ತಿತ್ತು ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಸುಮ್ಮನಾದೆ. ಇಷ್ಟು ವರ್ಷ ಆ ಹೊಲ ಕಳೆದದ್ದು ತನ್ನದೇ ಹೆಬ್ಬೆಟ್ಟು ಎಂದು ಅವರು ನಂಬಿಕೊಂಡು ಬಂದಿದ್ದರು, ಮತ್ತು ಯಾರೂ ಅವರಿಗೆ ಬೇರೆ ಹೇಳಿರಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು. ಅವರ ಪಕ್ಕದಲ್ಲಿ ಕೂತು ನಾನೂ ಹುಳಿಹಣ್ಣು ಬಿಡಿಸಿದೆ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು. "ಅದರಾಗ ಏನ್ ಬರದದಂತ ನಿನಗ ಗ್ಯಾರಂಟಿ ಅದೇನು?"

"ನಮ್ಮ ಹೊಲಕ್ಕ ಯಾವ ದಿನ ನೀರು ಅಂತ ಬರದಿರ್ತಾದ ಅತ್ತಿ."

"ಹಂಗಾರ ತಗೊಳ್ತೀವಿ. ಆದ್ರ ಮೊದ್ಲ ಓದಬೇಕು, ಆಮ್ಯಾಲ ಸಹಿ. ಎಲ್ಲಾರ ಮುಂದ ಓದಬೇಕು. ಮನಿ ಒಳಗ ಓದಿದ್ದು ಮನಿ ಒಳಗೇ ಸಾಯ್ತಾದ."

ಮೂರನೇ ಲಕೋಟೆ ಒಂದು ಶನಿವಾರ ಬಂತು. ಶನಿವಾರ ಶಾಲೆ ಅರ್ಧ ದಿನವಾದ್ದರಿಂದ ನಾನೂ ಮನೆಯಲ್ಲಿದ್ದೆ. ಚಾಚಾ ಚಹಾದ ಆಸೆಯಿಂದ ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಅತ್ತೆ ಅವರ ಕೈ ಹಿಡಿದು ಊರಬಾಗಿಲಿನ ಅಗಸಿ ಕಟ್ಟೆಗೆ ನಡೆಸಿಕೊಂಡು ಹೊರಟರು. ಓಣಿಯ ಹೆಂಗಸರು ಹಿಂದೆ ಹೊರಟರು. ಕಟ್ಟೆಯ ಮೇಲೆ ಎಲೆ ಆಡುತ್ತಿದ್ದ ಗಂಡಸರು ಇಸ್ಪೀಟು ಮುಚ್ಚಿಟ್ಟರು.

"ಓದು ತಮ್ಮಾ," ಎಂದರು ಅತ್ತೆ.

"ಸಹಿ ಆಗದ ಒಡಿಯೋದು ಕಾಯ್ದೇಕ್ಕ ವಿರುದ್ಧ ಆಗ್ತಾದ ಅಕ್ಕಾ. ನನ್ನ ನೌಕರಿ ಹೋಗ್ತಾದ."

"ಹಂಗಾರ ಒಯ್ಯಿ ವಾಪಸ್. ನಿನಗ ರೂಢಿ ಅದಲ್ಲ."

ಚಾಚಾ ನನ್ನ ಕಡೆ ನೋಡಿದರು. ನಾನು ಅತ್ತೆಗೆ ಬೆನ್ನು ಮಾಡಿ ನಿಂತು ಮೆಲ್ಲಗೆ ಸಹಿ ಹಾಕಿಬಿಟ್ಟೆ. ಚಾಚಾ ಕನ್ನಡಕ ಏರಿಸಿ ಲಕೋಟೆ ಹರಿದರು. ತಾವು ಕೋರಿರುವ ಮಾಹಿತಿಗೆ ಸಂಬಂಧಿಸಿದಂತೆ, ಉಲ್ಲೇಖ ಒಂದು, ಉಲ್ಲೇಖ ಎರಡು ಎಂದು ಅವರು ಒಂದೊಂದೇ ಅಕ್ಷರ ತೂಗಿ ತೂಗಿ ಓದುತ್ತಾ ಹೋದರು. ಜನ ಆಕಳಿಸಿದರು. ಆಮೇಲೆ ಆ ಸಾಲು ಬಂತು. ಸದರಿ ಮರಿಕಾಲುವೆಯ ಕೊನೆಯ ಭಾಗದ ಜಮೀನುಗಳಿಗೆ ಪ್ರತಿ ವಾರ ಸೋಮವಾರ ಬೆಳಿಗ್ಗೆಯಿಂದ ಗುರುವಾರ ಸಂಜೆಯವರೆಗೆ ನೀರು ಹರಿಸತಕ್ಕದ್ದು.

"ಮತ್ತೊಮ್ಮೆ ಓದು," ಎಂದರು ಅತ್ತೆ.

ಚಾಚಾ ಮತ್ತೊಮ್ಮೆ ಓದಿದರು. ವಾರದಲ್ಲಿ ನಾಲ್ಕು ದಿನ ನಮ್ಮದಾಗಿತ್ತು. ಯಾವತ್ತಿನಿಂದಲೋ ಆಗಿತ್ತು. ಆ ನಾಲ್ಕು ದಿನಗಳಲ್ಲಿ ನಮ್ಮವರು ಒಣಗಿದ ಕಾಲುವೆಯ ಏರಿಯ ಮೇಲೆ ಕೂತು ಬೀಡಿ ಸೇದುತ್ತಾ, ಮೇಲಿನವರದು ಮುಗಿಯಲಿ ಎಂದು ಕಾಯುತ್ತಿದ್ದರು. ಗುಂಪಿನಲ್ಲಿ ನಮ್ಮೂರಿಗೆ ಅಳಿಯನಾದ ಮೇಲಿನ ಊರಿನವನೊಬ್ಬ ಎಳ್ಳಮಾಸಿ ಹಬ್ಬದ ಮಾತಿಗೆ ಬಂದು ಕೂತಿದ್ದ. ಅವನು ನಮ್ಮೆಲ್ಲರಿಗಿಂತ ಮೊದಲು ಎದ್ದು ಮೋಟರ್ ಸೈಕಲ್ ಹತ್ತಿದ. ಕೆಳಗೆ ನೀರು ಬರುವ ಮೊದಲೇ ಮೇಲೆ ಸುದ್ದಿ ಹೋಯಿತು.

ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗುವ ಬದಲು ನಾನೂ ಕಾಲುವೆಯ ಗೇಟಿಗೆ ಹೋದೆ. ಹೆಡ್ ಮಾಸ್ತರರ ಹೊಲವೂ ಕೊನೆಗೇ ಇತ್ತು, ಹಾಗಾಗಿ ರಜೆ ತಕರಾರಿಲ್ಲದೆ ಸಿಕ್ಕಿತು. ಗೇಟು ಇಳಿಸಿ ಏರಿಸುವ ಮನುಷ್ಯ ತನ್ನ ಗುಡಿಸಲಿನ ಮುಂದೆ ಹಲ್ಲು ಉಜ್ಜುತ್ತಿದ್ದ. ಅರ್ಧ ಊರು ಬರುವುದನ್ನು ನೋಡಿ ಬಾಯಿ ಮುಕ್ಕಳಿಸದೆ ಹಾಗೇ ನಿಂತ.

"ಈ ದಿನ ನಮ್ಮ ಪಾಳಿ ಅದ. ಗೇಟ್ ಎತ್ತು," ಎಂದರು ಅತ್ತೆ.

"ಯಾರ್ ಹೇಳಿದ್ರು?"

"ಸರ್ಕಾರ ಹೇಳ್ಯಾದ."

"ಎಲ್ಲಿ, ಕಾಗದ ತೋರಿಸ್ರಿ."

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟೊಂದು ಕಷ್ಟಪಟ್ಟು ಪಡೆದ ಆ ಕಾಗದವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆವು. ನಾನು ಅತ್ತೆಯ ಹತ್ತಿರ ಇದೆ ಎಂದುಕೊಂಡಿದ್ದೆ. ಅತ್ತೆಗೆ ಕಾಗದ ತರಬೇಕೆಂದು ಹೊಳೆದೇ ಇರಲಿಲ್ಲ. ಅವರು ಅದಕ್ಕಿಂತ ಗಟ್ಟಿಯಾದದ್ದನ್ನು ತಂದಿದ್ದರು. ಹಿಂದೆ ತಿರುಗಿ ಕೈ ಮಾಡಿದರು. ಗುಂಪನ್ನು ಸರಿಸಿಕೊಂಡು, ಸೈಕಲ್ ತಳ್ಳಿಕೊಂಡು, ಟಪಾಲಿನ ಚೀಲದ ಸಮೇತ ಚಾಚಾ ಮುಂದೆ ಬಂದರು.

"ಓದಿದಾಂವ ಇಲ್ಲೇ ಅದಾನ. ಕೇಳು ಇವನ್ನ."

ಚಾಚಾ ಕೈ ಕಟ್ಟಿ ನಿಂತು, ಉಲ್ಲೇಖ ಒಂದರಿಂದ ಹಿಡಿದು, ಆ ಕಾಗದವನ್ನು ಬಾಯಿಪಾಠ ಒಪ್ಪಿಸಿದರು. ಶನಿವಾರದಿಂದ ಸೋಮವಾರದೊಳಗೆ ಅದನ್ನು ಅವರಿಂದ ಯಾರ್ಯಾರೋ ಎಷ್ಟು ಸಲ ಹೇಳಿಸಿದ್ದರೋ. ಗೇಟಿನವನು ಪೂರ್ತಿ ಕೇಳಿಸಿಕೊಂಡ. ಬಾಯಿ ಮುಕ್ಕಳಿಸಿ ಉಗುಳಿ ಬಂದ.

"ಅಕ್ಕೋರ, ಖರೇ ಹೇಳ್ತೀನಿ," ಎಂದು ನನ್ನ ಕಡೆ ತಿರುಗಿದ. "ನನಗೂ ಈ ಪಾಳಿ ಯಾರೂ ಹೇಳೇ ಇಲ್ಲ. ಮ್ಯಾಲಿನವ್ರು ಬಂದು ಇಳಿಸಂದ್ರ ಇಳಿಸ್ತಿದ್ದೆ, ಎತ್ತಂದ್ರ ಎತ್ತತಿದ್ದೆ. ನೀವ್ ಒಬ್ರರ ಎಂದಾದರೂ ಬಂದೀರೇನು?"

ಅವನು ಗೇಟು ಎತ್ತಿದ. ಮೇಲಿನವರು ನಾಲ್ಕು ಮಂದಿ ಬಂದು ದೂರದಲ್ಲಿ ನಿಂತಿದ್ದರು. ಅರ್ಧ ಊರನ್ನು ಎದುರು ಹಾಕಿಕೊಳ್ಳಲು ನಾಲ್ಕು ಮಂದಿ ಸಾಲುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಮಂಗಳವಾರ ಮಧ್ಯಾಹ್ನ ನೀರು ನಮ್ಮ ಹೊಲದ ಬದುವಿಗೆ ಬಂತು. ಮೊದಲು ಕಸ, ಪ್ಲಾಸ್ಟಿಕ್ ಚೀಲ, ಯಾರದೋ ಒಂದು ಹರಕು ಚಪ್ಪಲಿ ಬಂತು, ಅವುಗಳ ಹಿಂದೆ ಕೆಂಪು ನೀರು. ಅತ್ತೆ ಸೀರೆ ಎತ್ತಿ ಕಟ್ಟಿ ಸಾಲಿನಿಂದ ಸಾಲಿಗೆ ಮಣ್ಣು ಎಳೆಯುತ್ತಾ ಓಡಾಡಿದರು. ನಡುನಡುವೆ ನನ್ನನ್ನು ಬೈಯುತ್ತಿದ್ದರು. ನಾನು ನೀರನ್ನು ತಪ್ಪು ಸಾಲಿಗೆ ತಿರುಗಿಸುತ್ತಿದ್ದೆನಂತೆ. ಆ ದಿನ ಅವರು ಬೈದದ್ದು ನನಗೆ ಒಂದಿಷ್ಟೂ ನೋಯಲಿಲ್ಲ.

ಎಳ್ಳು ಅಮಾವಾಸ್ಯೆಯ ದಿನ ಪದ್ಧತಿಯಂತೆ ಹೊಲದಲ್ಲೇ ಭಜ್ಜಿ, ಕಡುಬು ಉಂಡೆವು. ನನ್ನ ಗಂಡ ಒಂದು ಶೇಂಗಾ ಗಿಡ ಕಿತ್ತು, ಕಾಯಿ ಕಟ್ಟುತ್ತಿರುವುದನ್ನು ನೋಡಿ, ಮಣ್ಣು ಕೊಡವಿ, ಹೊಲ ಕೊಡುವ ಮಾತನ್ನು ಎತ್ತದೆ ಇನ್ನೊಂದು ಕಡುಬು ಹಾಕಿಸಿಕೊಂಡರು. ಅವರ ಒಪ್ಪಿಗೆ ಯಾವಾಗಲೂ ಹೀಗೆಯೇ ಬರುತ್ತಿತ್ತು. ಊಟ ಮುಗಿದ ಮೇಲೆ ಅತ್ತೆ ನನ್ನನ್ನು ಕರೆದರು.

"ಇನ್ನೊಂದು ಅರ್ಜಿ ಬರಿ. ಈ ಸಲ ನನ್ನ ಹೆಸರ್ಲೆ."

ಏನು ಕೇಳಬೇಕೆಂದೆ. ಅವರು ಜಾಲಿ ಬೆಳೆದ ಪೂರ್ವದ ಪಟ್ಟಿಯ ಕಡೆ ಕೈ ತೋರಿಸಿದರು.

"ಅದನ್ನ ಯಾಕ ತಗೊಂಡ್ರಿ ಅಂತ ಕೇಳು."

ಮನೆಗೆ ಬಂದು ಬರೆಯಲು ಕೂತೆ. ಅವರು ಹೇಳುತ್ತಾ ಹೋದದ್ದು ಎರಡು ಹಾಳೆಯಾಯಿತು. ಅದರಲ್ಲಿ ಪ್ರಶ್ನೆ ಒಂದು, ಉಳಿದದ್ದೆಲ್ಲ ಅಳತೆಗೆ ಬಂದಿದ್ದವರ ಮನೆತನದ ವರ್ಣನೆ. ನಾನು ಸೋಸಿ ಸೋಸಿ ನಾಲ್ಕು ಸಾಲಿಗೆ ಇಳಿಸಿ ಓದಿದೆ. ಉಪ್ಪು ಖಾರ ಇಲ್ಲದ ಪಲ್ಯ ಮಾಡುವವಳು ಅರ್ಜಿಯನ್ನೂ ಹಾಗೇ ಬರೆಯುತ್ತಾಳೆ ಎಂದರು. ಆಮೇಲೆ ಕೈ ತೊಳೆದು ಬಂದು, ಸೆರಗಿನಿಂದ ಒರೆಸಿಕೊಂಡು, ಹೆಬ್ಬೆಟ್ಟು ಮಸಿಗೆ ಒತ್ತಿದರು. ಕಾಗದದ ಮೇಲೆ ಒತ್ತುವ ಮೊದಲು ಬಹಳ ಹೊತ್ತು ಬೆರಳನ್ನು ಹಾಗೇ ಹಿಡಿದಿದ್ದರು. ನಾನು ಅವಸರ ಮಾಡಲಿಲ್ಲ.

ಆಮೇಲಿನ ದಿನಗಳಲ್ಲಿ ನಮ್ಮ ಓಣಿಯ ಪದ್ಧತಿಯೇ ತಲೆಕೆಳಗಾಯಿತು. ರಜಿಸ್ಟರ್ ಬಂತೇ ಎಂದು ಅತ್ತೆ ದಿನಾ ಬಾಗಿಲಲ್ಲಿ ಕಾಯುತ್ತಿದ್ದರು. ಬಂದಿಲ್ಲ ಎಂದರೆ ಚಾಚಾನಿಗೆ ಚಹಾ ಇಲ್ಲ. ಪಾಪ, ಮೊದಲು ಟಪಾಲು ವಾಪಸ್ ಒಯ್ದರೆ ಚಹಾ ಸಿಗುತ್ತಿತ್ತು, ಈಗ ತಂದರೆ ಮಾತ್ರ. ತಿಂಗಳು ತುಂಬಲು ಒಂದೆರಡು ದಿನ ಇರುವಾಗ ಅವರು ಓಣಿಯ ತುದಿಯಿಂದಲೇ ಗಂಟೆ ಬಾರಿಸುತ್ತಾ ಬಂದರು. ಅತ್ತೆ ಈ ಸಲ ಓದುವ ಮೊದಲೇ ಹೆಬ್ಬೆಟ್ಟು ಒತ್ತಿದರು. ಓದಿಸಿದ್ದು ಮಾತ್ರ ಕಟ್ಟೆಯ ಮೇಲೆ, ಎಲ್ಲರ ಮುಂದೆಯೇ. ಲಕೋಟೆಯಲ್ಲಿ ಇದ್ದದ್ದು ಒಂದೇ ಸಾಲು. ಸದರಿ ಜಮೀನನ್ನು ಸ್ವಾಧೀನಪಡಿಸಿಕೊಂಡ ಉದ್ದೇಶದ ಬಗ್ಗೆ ಈ ಕಚೇರಿಯಲ್ಲಿ ಯಾವುದೇ ಮಾಹಿತಿ ಲಭ್ಯವಿರುವುದಿಲ್ಲ.

ಚಾಚಾ ಕಾಗದ ತಿರುಗಿಸಿ ಹಿಂದೆಯೂ ನೋಡಿದರು. ಹಿಂದೆ ಏನೂ ಇರಲಿಲ್ಲ.

"ಅಂದ್ರ?" ಎಂದು ಅತ್ತೆ ನನ್ನನ್ನು ಕೇಳಿದರು.

"ಯಾಕ ತಗೊಂಡೀವಿ ಅಂತ ಅವರಿಗೂ ಗೊತ್ತಿಲ್ಲ ಅತ್ತಿ."

ಅವರು ನಗುತ್ತಾರೆ ಅಂದುಕೊಂಡೆ, ಇಲ್ಲವೇ ಅಳುತ್ತಾರೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು ಕಾಲು ಚಾಚಿ, "ಇಷ್ಟು ವರ್ಷ ಅವರಿಗಿ ಗೊತ್ತದ ಅಂತ ನಾ ಸುಮ್ಮನಿದ್ದೆನಲ್ಲವ್ವಾ," ಎಂದರು. ಕಟ್ಟೆಯ ಗಂಡಸರು ಆ ದಿನ ಮತ್ತೆ ಇಸ್ಪೀಟು ಬಿಚ್ಚಲಿಲ್ಲ.

ಮರುದಿನ ನಾನು ಏಳುವ ಹೊತ್ತಿಗೆ ಅತ್ತೆ ಮನೆಯಲ್ಲಿರಲಿಲ್ಲ. ಮೂಲೆಯಲ್ಲಿದ್ದ ಕೊಡಲಿಯೂ ಇರಲಿಲ್ಲ. ನಾನು, ನನ್ನ ಗಂಡ ಹೊಲಕ್ಕೆ ಓಡಿದೆವು. ಪೂರ್ವದ ಪಟ್ಟಿಯಲ್ಲಿ ಆಗಲೇ ಎರಡು ಜಾಲಿ ಗಿಡ ಬಿದ್ದಿದ್ದವು. ಅತ್ತೆ ಮೂರನೆಯದರ ಬುಡಕ್ಕೆ ಏಟು ಹಾಕುತ್ತಿದ್ದರು. ಬದುವಿನ ಮೇಲೆ ಒಂದು ಚೀಲದಲ್ಲಿ ಬಿತ್ತನೆಗೆಂದು ತೆಗೆದಿಟ್ಟಿದ್ದ ಶೇಂಗಾ ಇತ್ತು.

"ಯವ್ವಾ, ಅದು ಸರ್ಕಾರದ ಜಾಗಾ!" ಎಂದು ನನ್ನ ಗಂಡ ಕೂಗಿದರು. "ನಾಳೆ ಯಾರರ ಬಂದು ಯಾಕ ಬಿತ್ತೀರಿ ಅಂತ ಕೇಳಿದ್ರ ಏನ್ ಹೇಳ್ತಿ?"

ಅತ್ತೆ ಕೊಡಲಿ ಇಳಿಸದೆ ಹೇಳಿದರು:

"ಅರ್ಜಿ ಹಾಕ್ಲಿ. ಒಂದ್ ತಿಂಗಳದಾಗ ಉತ್ತರ ಕೊಡ್ತೀನಿ."